ಕಳ್ಳಭಟ್ಟಿ: ಬಯಲುಸೀಮೆಯ ನಿಷಿದ್ಧ ಕಸುಬು

ಹಣ್ಣಿನ ರಸವನ್ನು ಹುಳಿಸಿ ಬಟ್ಟಿ ಇಳಿಸಿದರೆ ಯೂರೋಪಿನಲ್ಲಿ ಅದು ಬ್ರಾಂದಿ. ಗೋವಾದ ಗೋಡಂಬಿ ಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂತಹ ಒಣಸೀಮೆಯಲ್ಲಿ ಇದೇ ವಿದ್ಯೆಗೆ ಉಳಿದಿರುವ ಹೆಸರು ಕಳ್ಳಭಟ್ಟಿ.

ಇಲ್ಲಿ ಹಣ್ಣಿಗಿಂತ ಬೆಲ್ಲವೇ ಪ್ರಧಾನ. ಈಚಲು ಮರದ ಹೆಂಡವನ್ನು ಇಳಿಸಿದ ಹಾಗೆಯೇ ಕುಡಿಯುತ್ತಾರೆ. ಸಾರಾಯಿಗೆ ಮಾತ್ರ ಬೆಂಕಿ ಬೇಕು. ಬೆಲ್ಲದ ನೀರಿಗೆ ಬಿಳಿಜಾಲಿಯ ತೊಗಟೆ ಹಾಕಿ ಹುಳಿಸುವುದು ದಕ್ಷಿಣ ಭಾರತದ ಹಳೆಯ ಪದ್ಧತಿ. ಹುಳಿತ ಈ ದ್ರವಕ್ಕೆ 'ಕೊಳೆ' ಎಂದೇ ಹೆಸರು. ಮಡಕೆಯಲ್ಲಿ ಕೊಳೆ ಕಾಯುತ್ತದೆ, ಮೇಲಿನ ತಣ್ಣೀರಿನ ಪಾತ್ರೆಯ ತಳಕ್ಕೆ ಆವಿ ತಾಗಿ ಹನಿಯಾಗುತ್ತದೆ. ಮದ್ಯಸಾರ 78 ಡಿಗ್ರಿಯಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಕಸುಬಿನ ಗುಟ್ಟು ಇಷ್ಟೇ.

ಮೊದಲ ಹನಿಗಳನ್ನು ಚೆಲ್ಲಿದರೆ ವಿಷ ಹೋಗುತ್ತದೆಂಬ ನಂಬಿಕೆ ಅರ್ಧಸತ್ಯ. ಮಿಥೈಲ್ ಆಲ್ಕೋಹಾಲ್ 65 ಡಿಗ್ರಿಯಲ್ಲೇ ಕುದಿಯುವುದಾದರೂ ಮಡಕೆಯ ಭಟ್ಟಿಯಲ್ಲಿ ಅದು ಪೂರ್ತಿ ಬೇರ್ಪಡುವುದಿಲ್ಲ. ಹಣ್ಣಿನ ಪೆಕ್ಟಿನ್‌ನಿಂದ ಅದು ಹುಟ್ಟುತ್ತದೆ. ಬೆಲ್ಲದ ಕೊಳೆಯಲ್ಲಿ ಅತ್ಯಲ್ಪ. ಸಾಮೂಹಿಕ ಸಾವುಗಳಿಗೆ ಬಹುಪಾಲು ಕಾರಣ ಭಟ್ಟಿಯಲ್ಲ, ಲಾಭಕೋರರು ಬೆರೆಸುವ ಕೈಗಾರಿಕಾ ಮಿಥೈಲ್. 1981ರಲ್ಲಿ ಬೆಂಗಳೂರಿನ ಕಳ್ಳಸಾರಾಯಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧಿತ. ಮರು ವರ್ಷವೇ, 2008ರ ಮೇನಲ್ಲಿ, ಬೆಂಗಳೂರು, ಕೋಲಾರ ಹಾಗೂ ನೆರೆಯ ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ವಿಷಮದ್ಯ 150ಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಹೆಚ್ಚಿನವರು ಕೂಲಿಕಾರರು. ಪರವಾನಗಿ ಇಲ್ಲದೆ ಮದ್ಯ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ.