ಒತ್ತಾಸೆ

‘ಗೆಳೆಯರ ಒತ್ತಾಸೆಯಿಂದ ಈ ಪುಸ್ತಕ ಹೊರಬರುತ್ತಿದೆ’ ಎಂದು ಲೇಖಕರು ಬರೆಯುತ್ತಾರೆ. ‘ಕಾರ್ಯಕರ್ತರ ಒತ್ತಾಸೆ ಮೇರೆಗೆ’ ರಾಜಕಾರಣಿಗಳು ಚುನಾವಣೆಗೆ ನಿಲ್ಲುತ್ತಾರೆ. ಹೀಗೆ ಬಳಸಿ ಬಳಸಿ ಒತ್ತಾಸೆ ಎಂದರೆ ಒತ್ತಾಯ ಎಂದೇ ಆಗಿಬಿಟ್ಟಿದೆ. ಅಪ್ಪ ತೀರಿಕೊಂಡ ಮನೆಗೆ ಚಿಕ್ಕಪ್ಪ ಒತ್ತಾಸೆಯಾಗಿ ನಿಂತ ಎನ್ನುವಾಗಿನ ಅರ್ಥವೇ ಬೇರೆ. ಅಲ್ಲಿ ಬಲವಂತವಿಲ್ಲ, ಪಕ್ಕದಲ್ಲಿ ಒಂದು ಜೀವವಿದೆ.

ಪರಿಸರ ಹೋರಾಟಗಾರರಿಗೆ ನಾವು ಕೊಡುವುದು ಹೆಚ್ಚಾಗಿ ಮೊದಲನೆಯ ಬಗೆಯದು: ‘ನೀವು ಬಿಡಬೇಡಿ ಸಾರ್, ನಾವಿದ್ದೀವಿ.’ ಸಭೆ ಮುಗಿದ ಮೇಲೆ ಬ್ಯಾನರ್ ಬಿಚ್ಚಿ ಮಡಚುವವರು ಮಾತ್ರ ಅವರೇ. ಕಚೇರಿಯ ಸೀಲು ಬಿದ್ದ ಮನವಿ ಪ್ರತಿಗಳ ಚೀಲ ಹೊತ್ತು ಕೊನೆಯ ಬಸ್ಸಿಗೆ ಓಡುವವರೂ ಅವರೇ.

ಭದ್ರಾವತಿಯ ಜನ್ನಾಪುರದ ಸುತ್ತ ಈ ಒಂಟಿತನ ಇನ್ನೂ ಹರಿತ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಅನ್ನ ಕೊಟ್ಟ ಊರು ಇದು. ಇಲ್ಲಿ ಹೊಳೆಯ ನೀರಿನ ಬಗ್ಗೆ, ಅಕೇಶಿಯಾ ನೆಡುತೋಪಿನ ಬಗ್ಗೆ ಬಾಯಿ ತೆರೆದರೆ ಪಕ್ಕದ ಮನೆಯವರ ಕೆಲಸಕ್ಕೇ ಕಲ್ಲು ಹಾಕಿದಂತೆ ಕೇಳಿಸುತ್ತದೆ. ಕಾಗದದ ಕಾರ್ಖಾನೆ ಎಂಪಿಎಂನ ಚಿಮಣಿ ತಣ್ಣಗಾದಾಗ ಬೀದಿಗೆ ಬಿದ್ದ ಕಾರ್ಮಿಕರ ನೋವೂ ಸುಳ್ಳಲ್ಲ. ಅವರ ಧರಣಿಯಲ್ಲಿ ಹೊಳೆ ಉಳಿಸುವವರು ಕೂತಿರಬೇಕು, ಹೊಳೆಯ ಸಭೆಗೆ ಕಾರ್ಮಿಕರು ಬರಬೇಕು. ನನ್ನ ಮಟ್ಟಿಗೆ ಒತ್ತಾಸೆ ಎಂದರೆ ಇದು.

ಈ ಊರಿನ ಹೊಳೆಯಾದ ಭದ್ರೆಯ ಮೂಲದಲ್ಲಿ ಆದದ್ದನ್ನೇ ನೋಡಿ. ಕುದುರೆಮುಖದ ಗಣಿ ಗುತ್ತಿಗೆ 1999ರಲ್ಲಿ ಮುಗಿದರೂ ಗಣಿಗಾರಿಕೆ ನಿಲ್ಲಲಿಲ್ಲ. ಅದನ್ನು ನಿಲ್ಲಿಸಬೇಕೆಂಬ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2002ರ ಅಕ್ಟೋಬರ್‌ನಲ್ಲಿ, ಗಣಿ ನಿಂತದ್ದು 2005ರ ಕೊನೆಗೆ. ನಡುವಿನ ಮಳೆಗಾಲಗಳಲ್ಲಿ ಹೊಳೆಗೆ ಹೂಳು ಇಳಿಯುತ್ತಲೇ ಇತ್ತು. ಗೆದ್ದ ಮೇಲೂ ಮೂರು ವರ್ಷ ಕೆಂಪು ನೀರು ನೋಡುತ್ತ ಕೂರುವುದು ಒಬ್ಬರ ಎದೆಗಾರಿಕೆಯಿಂದ ಆಗುವ ಕೆಲಸವಲ್ಲ. ಭರವಸೆ ಕಳೆದುಕೊಂಡವರಿಗೆ ‘ಧೈರ್ಯವಾಗಿರಿ’ ಎಂದು ಉಪದೇಶಿಸುವುದನ್ನು ನಾನು ಒಪ್ಪದಿರುವುದು ಇದಕ್ಕೇ.

ಈಗ ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆಯ ವಿರುದ್ಧ ಮಲೆನಾಡಿಗರು ಮತ್ತೆ ಬೀದಿಗಿಳಿದಿದ್ದಾರೆ. ಅವರಲ್ಲಿ ನಿಮಗೆ ಗೊತ್ತಿರುವವರು ಯಾರಾದರೂ ಇದ್ದರೆ, ಸಭೆಗೆ ಹೋಗಲಾಗದಿದ್ದರೂ ಮಾರನೆಯ ದಿನ ಅವರ ಮನೆಗೆ ಹೋಗಿ ಬನ್ನಿ. ಊಟವಾಯಿತೇ ಎಂದು ಕೇಳಿ. ಆ ಚೀಲದ ಕಾಗದಗಳಲ್ಲಿ ಅರ್ಧ ನೀವು ಹೊತ್ತುಕೊಳ್ಳಿ.