ಹಿಂದಿನ ಗಾಡಿಯ ನಡುಕ

ಡೆಟ್ರಾಯಿಟ್ ಪಟ್ಟಣದಲ್ಲಿ ಫ್ರೆಡರಿಕ್ ಸಿಬ್ಲಿ ಎಂಬ ಮರದ ವ್ಯಾಪಾರಿಯೊಬ್ಬನಿದ್ದ. 1914ರಲ್ಲಿ ಅವನಿಗೆ ತನ್ನ ದೋಣಿಯನ್ನು ಸರೋವರದ ದಂಡೆಗೆ ಒಯ್ಯಬೇಕೆನಿಸಿತು. ಇದ್ದದ್ದು ಫೋರ್ಡ್ ಮಾಡೆಲ್ ಟಿ ಕಾರು. ಅದರ ಮೇಲೆ ದೋಣಿ ಹೊರಿಸುವಂತಿಲ್ಲ. ಅವನು ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರನ ಬಳಿಗೆ ಹೋದ. ಕುದುರೆಗೆ ಲಾಳ ಹೊಡೆದು ಗಾಡಿ ಕಟ್ಟಿಕೊಂಡಿದ್ದ ಫ್ರೂಹಾಫ್ ಎರಡು ಚಕ್ರದ ಒಂದು ಗಾಡಿ ಮಾಡಿ, ಅದರ ಮೂಕಿಯನ್ನು ಕಾರಿನ ಬೆನ್ನಿಗೆ ಸಿಕ್ಕಿಸಿಕೊಟ್ಟ. ಸಿಬ್ಲಿ ವ್ಯಾಪಾರಿಯಲ್ಲವೇ, ತನ್ನ ಮರ ಸಾಗಿಸಲೂ ಅಂಥದೇ ಗಾಡಿ ಬೇಕೆಂದ. 1918ರ ಹೊತ್ತಿಗೆ ಫ್ರೂಹಾಫನ ಹೆಸರಿನಲ್ಲೇ ಟ್ರೇಲರ್ ಕಂಪನಿ ಹುಟ್ಟಿಕೊಂಡಿತು.

ಮೂಕಿ ಎಂಬ ನಮ್ಮ ಮಾತನ್ನು ನಾನು ಬೇಕೆಂದೇ ಬಳಸಿದೆ. ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದವರಿಗೆ ಟ್ರೇಲರಿನ ಅರ್ಧ ಶಾಸ್ತ್ರ ಆಗಲೇ ಗೊತ್ತು. ಭಾರ ಹಿಂದೆ ಬಿದ್ದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಉರುಳಾಗುತ್ತದೆ. ಮುಂದೆ ಬಿದ್ದರೆ ನೊಗ ಹೆಗಲನ್ನು ಒತ್ತಿ ಹುಣ್ಣು ಮಾಡುತ್ತದೆ. ಅಮೆರಿಕದವರು ಇದನ್ನೇ ಲೆಕ್ಕ ಹಾಕಿ, ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲಿರಲಿ ಎಂದರು. ಅದಕ್ಕಿಂತ ಕಡಿಮೆಯಾದರೆ ಹಿಂದಿನ ಗಾಡಿ ಹಾವಿನ ಬಾಲದಂತೆ ಆಚೀಚೆ ಓಲಾಡಲು ತೊಡಗುತ್ತದೆ. ವೇಗ ಹೆಚ್ಚಿದಂತೆ ಓಲಾಟವೂ ಹೆಚ್ಚಿ, ಕೊನೆಗೆ ಮುಂದಿನ ಗಾಡಿಯನ್ನೂ ಎಳೆದು ಬೀಳಿಸಬಹುದು. ಆದರೆ ಓಲಾಟ ಬೇರೆ, ನಡುಕ ಬೇರೆ. ಓಲಾಟ ನಿಧಾನವಾದದ್ದು, ಕಣ್ಣಿಗೆ ಕಾಣುವಂಥದು. ನಡುಕ ಕಾಣುವುದಿಲ್ಲ, ಮೈಗೆ ತಿಳಿಯುತ್ತದೆ.

ಫೋರ್ಡ್ ಕಂಪನಿಯೇ ಹಿಂದೆ ಸಾಮಾನಿನ ಪೆಟ್ಟಿಗೆಯಿರುವ ಪಿಕಪ್ಪನ್ನು 1925ರಲ್ಲಿ 281 ಡಾಲರಿಗೆ ಮಾರಲು ಇಟ್ಟಿತು. ಅಲ್ಲಿಂದ ಮುಂದೆ ರೈತನಿಗೆ ಕುದುರೆಯೂ ಬೇಡವಾಯಿತು, ಗಾಡಿಯೂ ಬೇಡವಾಯಿತು. ಆದರೆ ಟ್ರೇಲರು ಮಧ್ಯಮ ವರ್ಗದ ಸಂಸಾರಗಳ ಬದುಕಿಗೆ ಬಂದದ್ದು ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಾಗ. ಅದರಲ್ಲಿ ಒಬ್ಬ ಹೆಂಗಸಿನ ಪಾಲು ದೊಡ್ಡದು, ಹೇಳುವವರು ಕಡಿಮೆ. ಆ್ಯನಾ ಮೇರಿ ಕಾರ್ಟಿ ಶೋಯೆನ್ ಮತ್ತು ನೌಕಾಪಡೆಯಿಂದ ಬಿಡುಗಡೆಯಾದ ಅವಳ ಗಂಡ ಲೆನರ್ಡ್ 1945ರಲ್ಲಿ ಚಿಕ್ಕ ಮಗುವನ್ನು ಕಟ್ಟಿಕೊಂಡು ಲಾಸ್ ಏಂಜಲೀಸಿನಿಂದ ಪೋರ್ಟ್‌ಲೆಂಡಿಗೆ ಮನೆ ಬದಲಿಸಬೇಕಾಯಿತು. ಬಾಡಿಗೆ ಟ್ರೇಲರನ್ನು ಒಂದು ಊರಿನಲ್ಲಿ ಪಡೆದು ಇನ್ನೊಂದು ಊರಿನಲ್ಲಿ ಬಿಡುವ ಏರ್ಪಾಡೇ ಆಗ ಇರಲಿಲ್ಲ. ಕಾರಿನಲ್ಲಿ ಹಿಡಿಸಿದಷ್ಟು ಸಾಮಾನು ತುಂಬಿಕೊಂಡು ಉಳಿದದ್ದನ್ನು ಬಿಟ್ಟು ಹೊರಟರು. ಏನನ್ನು ಬಿಡಬೇಕೆಂದು ಆರಿಸುವ ಕೆಲಸ ಯಾವ ಮನೆಯಲ್ಲಾದರೂ ಯಾರದೆಂದು ನಮಗೆ ಗೊತ್ತೇ ಇದೆ. ಆ ವರ್ಷವೇ ಇಬ್ಬರೂ ಸೇರಿ, ಐದು ಸಾವಿರ ಡಾಲರಿನಷ್ಟು ಉಳಿತಾಯ ಹಾಕಿ, ವಾಷಿಂಗ್ಟನ್ ರಾಜ್ಯದ ರಿಜ್‌ಫೀಲ್ಡಿನ ಬಳಿ ಅವಳ ತವರಿನ ಜಮೀನಿನಲ್ಲಿ ಯೂ-ಹಾಲ್ ಕಂಪನಿ ಶುರುಮಾಡಿದರು. ಆರು ಮಕ್ಕಳ ತಾಯಿಯಾದ ಆ್ಯನಾ ಮೇರಿ 1957ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು. ಕಿತ್ತಳೆ ಬಣ್ಣದ ಆ ಟ್ರೇಲರುಗಳು ಮಾತ್ರ ಇಂದಿಗೂ ಅಮೆರಿಕದ ಹೆದ್ದಾರಿಗಳಲ್ಲಿ ಓಡುತ್ತಿವೆ. ಸಾಮಾನಿನ ಭಾರದಲ್ಲಿ ನೂರಕ್ಕೆ 60 ಪಾಲು ಮುಂದಿನ ಅರ್ಧದಲ್ಲಿರಲಿ ಎಂದು ಬಾಡಿಗೆದಾರರಿಗೆ ಅವರು ಹೇಳಿಕೊಡುತ್ತಾರೆ. ಮತ್ತೆ ನಮ್ಮ ಮೂಕಿಯ ಲೆಕ್ಕವೇ.

ಇನ್ನು ನಡುಕದ ಕಥೆ. ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಕ್ಕೆ ಹೋಗಬೇಕು. ಎಂಜಿನ್ ಒಂದು ಕಡೆ ಗಟ್ಟಿಯಾಗಿ ಕೂತಿದೆ, ಹಿಂದಿನ ಅಚ್ಚು ಹಳ್ಳದಿಣ್ಣೆಗೆ ತಕ್ಕಂತೆ ಮೇಲೆ ಕೆಳಗೆ ಕುಣಿಯುತ್ತಿದೆ. ನಡುವಿನ ಕಬ್ಬಿಣದ ಶಾಫ್ಟು ಬಾಗಿದ ಸ್ಥಿತಿಯಲ್ಲೂ ತಿರುಗಬೇಕಾದರೆ ಅದಕ್ಕೊಂದು ಕೀಲು ಬೇಕು. ಆ ಕೀಲನ್ನು ಇಂಗ್ಲೆಂಡಿನ ರಾಬರ್ಟ್ ಹೂಕ್ 1676ರಲ್ಲೇ, ಸೂರ್ಯನನ್ನು ನೋಡುವ ಯಂತ್ರಗಳ ಬಗ್ಗೆ ಬರೆದ ಪುಸ್ತಕದಲ್ಲಿ ವಿವರಿಸಿದ್ದ. ಕಾರು ಕನಸಿನಲ್ಲೂ ಇಲ್ಲದ ಕಾಲ! ಈ ಕೀಲಿಗೊಂದು ವಿಚಿತ್ರ ಗುಣವಿದೆ. ಬಾಗಿದಾಗ ಅದು ಸಮನಾಗಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಓಡಿ ಎರಡು ಸಲ ತಡೆಯುತ್ತದೆ. ಬಾಗು ಹೆಚ್ಚಿದಷ್ಟೂ ಈ ತಡವರಿಕೆ ಹೆಚ್ಚು. ಹಾಗಾಗಿ ಶಾಫ್ಟಿನ ಎರಡೂ ತುದಿಗೆ ಒಂದೊಂದು ಕೀಲು ಇಟ್ಟು, ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸುವಂತೆ ಮಾಡುತ್ತಾರೆ. ಅತ್ತೆಯ ಗಡಿಬಿಡಿಯನ್ನು ಸೊಸೆಯ ನಿಧಾನ ಸರಿದೂಗಿಸಿದ ಹಾಗೆ ಅನ್ನಿ.

ಮೊದಲ ಕಾಲದ ಎಷ್ಟೋ ಕಾರುಗಳು ಸೈಕಲ್ಲಿನಂತೆ ಚೈನಿನಿಂದಲೇ ಓಡುತ್ತಿದ್ದವು. ಗದ್ದಲ, ಧೂಳು, ಎಣ್ಣೆಯ ರಾಡಿ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಕ್ಲಾರೆನ್ಸ್ ಸ್ಪೈಸರ್ ಎಂಬಾತ ಕಾರಿಗೆ ಒಗ್ಗುವಂತೆ ಈ ಕೀಲನ್ನು ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ನ್ಯೂಜೆರ್ಸಿಯ ಪ್ಲೇನ್‌ಫೀಲ್ಡಿನಲ್ಲಿ ತಯಾರಿಕೆ ಶುರುಮಾಡಿದ. ನಮ್ಮೂರ ಲಾರಿ ಗ್ಯಾರೇಜುಗಳಲ್ಲಿ ‘ಕ್ರಾಸ್’ ಎಂದು ಕರೆಯುವ ಕೂಡುಗೆರೆಯಾಕಾರದ ತುಂಡು ಈ ಕೀಲಿನ ಹೃದಯ.

ಈ ವಿದ್ಯೆಯೆಲ್ಲ ನನಗೆ ಬಂದದ್ದು ಮಗಳಿಂದ. 2009ರ ಬೇಸಿಗೆಯಲ್ಲಿ ಅವಳ ಸಂಸಾರ ಡೆಟ್ರಾಯಿಟ್ ಬಳಿಯ ಊರಿನಿಂದ ಟೊಲಿಡೋಗೆ ಮನೆ ಬದಲಿಸಿತು. ಹಳೆಯ ಪಿಕಪ್ಪು, ಅದರ ಹಿಂದೆ ಬಾಡಿಗೆಯ ಪುಟ್ಟ ಟ್ರೇಲರು. ಅಳಿಯ ಸ್ಟೀರಿಂಗ್ ಹಿಡಿದಿದ್ದ. ನಾನು ಮತ್ತು ಮಗಳು ಹಿಂದಿನ ಸೀಟಿನಲ್ಲಿ, ನಡುವೆ ಮಗು. ಗಂಟೆಗೆ 55 ಮೈಲಿ ದಾಟುತ್ತಲೇ ಮಗಳು, “ಸೀಟು ನಡುಗುತ್ತಿದೆ” ಎಂದಳು. “ನನ್ನ ಕೈಗೇನೂ ಗೊತ್ತಾಗ್ತಿಲ್ಲವಲ್ಲ, ಅದು ನಿನ್ನ ಭ್ರಮೆ” ಎಂದ ಅಳಿಯ. ನನಗೂ ಕಾಲಿನಡಿ ಝುಮ್ಮೆನ್ನುತ್ತಿತ್ತು. ಹೆಂಗಸರ ಮೈಗೆ ತಿಳಿದದ್ದನ್ನು ಭ್ರಮೆ ಎನ್ನುವುದು ಗಾಡಿಯ ವಿಷಯಕ್ಕೆ ಮಾತ್ರ ಸೀಮಿತವಲ್ಲ ಬಿಡಿ. ಮಗಳು ಪಟ್ಟು ಬಿಡದೆ ಹೆದ್ದಾರಿಯಿಂದ ಇಳಿಸಿದಳು. ದಾರಿಯ ಒಂದು ಗ್ಯಾರೇಜಿನ ಮುದುಕ ಮೊದಲು ಕೇಳಿದ ಪ್ರಶ್ನೆಯೇ, ನಡುಕ ಕೈಗೆ ತಿಳಿಯಿತೋ ಸೀಟಿಗೆ ತಿಳಿಯಿತೋ ಎಂದು. ಸ್ಟೀರಿಂಗಿಗೆ ಬಂದರೆ ದೋಷ ಮುಂದಿನ ಚಕ್ರದ್ದು. ಸೀಟಿಗೆ, ಕಾಲಿನಡಿಗೆ ಬಂದರೆ ಹಿಂದಿನದು. ಹೀಗಾಗಿ ಗಂಡನೂ ಸುಳ್ಳು ಹೇಳಿರಲಿಲ್ಲ, ಹೆಂಡತಿಯೂ ಹೇಳಿರಲಿಲ್ಲ.

ಆಮೇಲೆ ಅವನು ಟ್ರೇಲರ್ ಬಿಚ್ಚಿಸಿ ಪಿಕಪ್ಪನ್ನು ಅದೇ ವೇಗದಲ್ಲಿ ಓಡಿಸಿ ನೋಡಿದ. ನಡುಕ ಮಾಯ. ಹಾಗಾದರೆ ತಪ್ಪು ಟ್ರೇಲರಿನದೇ ಎಂದು ಅಳಿಯ ಹಿಗ್ಗಿದ. ಮುದುಕ ತಲೆಯಾಡಿಸಿ ಕಾಗದದಲ್ಲಿ ಲೆಕ್ಕ ಬರೆದ. ಗಂಟೆಗೆ 60 ಮೈಲಿ ಎಂದರೆ ಸೆಕೆಂಡಿಗೆ 88 ಅಡಿ. ಪಿಕಪ್ಪಿನ ಚಕ್ರದ ಅಡ್ಡಳತೆ ಸುಮಾರು 30 ಅಂಗುಲ. ಅದು ಸೆಕೆಂಡಿಗೆ 11 ಸುತ್ತು ಸುತ್ತುತ್ತದೆ. ಟ್ರೇಲರಿನ 20 ಅಂಗುಲದ ಚಕ್ರ 17 ಸುತ್ತು. ಚಕ್ರ ಒಂದು ಸುತ್ತಿದರೆ ಶಾಫ್ಟು 3.73 ಸುತ್ತು, ಅಂದರೆ ಸೆಕೆಂಡಿಗೆ 42. ಕೀಲಿನ ತಡವರಿಕೆ ಸುತ್ತಿಗೆ ಎರಡರಂತೆ 84. ಚಕ್ರದ ದೋಷ ಮೈ ಕುಲುಕಿದಂತೆ ಬರುತ್ತದೆ, ಕೀಲಿನದು ಝೇಂಕಾರದಂತೆ. ನಮ್ಮದು ಝೇಂಕಾರ.

ಮೂಕಿಯ ಭಾರಕ್ಕೆ ಪಿಕಪ್ಪಿನ ಹಿಂಭಾಗ ಕುಗ್ಗಿ, ಶಾಫ್ಟಿನ ಬಾಗು ಬದಲಾಗಿತ್ತು. ಬರಿಯ ಗಾಡಿಯಲ್ಲಿ ಹೇಗೋ ನಡೆದುಕೊಂಡು ಹೋಗುತ್ತಿದ್ದ ಸವೆದ ಕೀಲು, ಹೊಸ ಬಾಗಿನಲ್ಲಿ ತನ್ನ ರೋಗ ಹೇಳಿಕೊಂಡಿತು. ಮುದುಕ ಗಾಡಿಯಡಿ ನುಸುಳಿ, ಕ್ರಾಸಿನ ಮುಚ್ಚಳದ ಸುತ್ತ ಬೆರಳಾಡಿಸಿ ತೋರಿಸಿದ: ಕುಂಕುಮದಂಥ ಕೆಂಪು ಪುಡಿ. ಒಳಗಿನ ಸೂಜಿಯಂಥ ಬೇರಿಂಗುಗಳ ಗ್ರೀಸು ಒಣಗಿ, ಕಬ್ಬಿಣ ತುಕ್ಕಾಗಿ ಉದುರುತ್ತಿತ್ತು. ಆ ಕೀಲು ಓಟದಲ್ಲಿ ಮುರಿದು ಶಾಫ್ಟಿನ ಮುಂದಿನ ತುದಿ ರಸ್ತೆಗೆ ಬಿದ್ದರೆ, ಅದು ನೆಲಕ್ಕೆ ನಾಟಿ ಗಾಡಿಯನ್ನೇ ಎತ್ತಿಹಾಕಬಹುದಂತೆ. ಇದನ್ನು ಕೇಳಿದ ಮೇಲೆ ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಮಗು ಆಗಲೂ ನಿದ್ದೆ ಮಾಡುತ್ತಿತ್ತು.

ಇಂಥ ಲೆಕ್ಕಕ್ಕೆ ಹಿಂದೆ ಒಂದು ಸೊಗಸಾದ ಉಪಕರಣವಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಹರ್ಮನ್ ಫ್ರಾಮ್ ರೂಪಿಸಿದ್ದು. ಹಾರ್ಮೋನಿಯಂ ಪೆಟ್ಟಿಗೆಯ ರೀಡುಗಳಂತೆ ಬೇರೆ ಬೇರೆ ಸ್ವಭಾವದ ಉಕ್ಕಿನ ಪಟ್ಟಿಗಳು ಸಾಲಾಗಿ ನಿಂತಿರುತ್ತವೆ. ನಡುಗುವ ವಸ್ತುವಿಗೆ ತಾಗಿಸಿದರೆ, ಆ ನಡುಕಕ್ಕೆ ಹೊಂದುವ ಪಟ್ಟಿಯೊಂದೇ ಜೋರಾಗಿ ಕುಣಿಯುತ್ತದೆ. ಪಕ್ಕದಲ್ಲಿ ಬರೆದ ಅಂಕಿ ಓದಿದರಾಯಿತು. ಈಗ ಮೊಬೈಲ್ ಫೋನಿನಲ್ಲೇ ಈ ಕೆಲಸ ಮಾಡಬಹುದು.

ಕೀಲು ಬದಲಿಸಲು ಮುದುಕನಿಗೆ ಎರಡು ಗಂಟೆ ಹಿಡಿಯಿತು. ಶಾಫ್ಟು ಬಿಚ್ಚುವ ಮೊದಲು ಅದರ ಮೇಲೂ, ಅದು ಕೂಡುವ ತಟ್ಟೆಯ ಮೇಲೂ ಸೀಮೆಸುಣ್ಣದಿಂದ ಒಂದೊಂದು ಗೆರೆ ಎಳೆದ. ತಿರುಗಿ ಜೋಡಿಸುವಾಗ ಎರಡೂ ಗೆರೆ ಕೂಡಬೇಕು. ಹೆಚ್ಚುಕಡಿಮೆಯಾದರೆ ಹೊಸ ಕೀಲಿನ ಜೊತೆಗೇ ಹೊಸ ನಡುಕವೂ ಹುಟ್ಟಿಕೊಳ್ಳಬಹುದು.