ದಂಡಿನ ಮೆಚ್ಚಿನ ವೇದಭಾಗಗಳು: ಶತಾಧಿಪತಿಯ ಮಾತು, ಮತ್ತಾಯನ ವಂಶಾವಳಿ

ಬೆಂಗಳೂರು ದಂಡಿನ ಕ್ರೈಸ್ತರನ್ನು ಬೈಬಲಿನಲ್ಲಿ ನಿಮಗೆ ಬಲು ಇಷ್ಟವಾದ ಭಾಗ ಯಾವುದು ಎಂದು ಕೇಳಿದರೆ ಉತ್ತರಕ್ಕೆ ಕಾಯಬೇಕಾಗಿಲ್ಲ. ಕುರುಬ ಮತ್ತು ಕುರಿಗಳ 23ನೇ ಕೀರ್ತನೆ ಎನ್ನುತ್ತಾರೆ. ಇಲ್ಲವೇ ಯೋಹಾನನ ಸುವಾರ್ತೆಯ 3ನೇ ಅಧ್ಯಾಯದ 16ನೇ ವಚನ ಎನ್ನುತ್ತಾರೆ. ಎರಡೂ ಮನಸ್ಸಿನಿಂದ ಬಂದ ಉತ್ತರಗಳೇ. ಆದರೆ ಇದೇ ಪ್ರಶ್ನೆಯನ್ನು ಮಂಗಳೂರಿನಲ್ಲಿ ಕೇಳಿ, ಲಂಡನ್ನಿನಲ್ಲಿ ಕೇಳಿ, ಇವೇ ಎರಡು ಬರುತ್ತವೆ. ಆದ್ದರಿಂದ ಒಂದು ಊರಿನ ಮೆಚ್ಚಿಕೆಯನ್ನು ತಿಳಿಯಲು ಈ ಪ್ರಶ್ನೆಯೊಂದೇ ಸಾಲದು. ಯಾವ ವೇದಭಾಗ ಯಾವ ದಿನ, ಯಾವ ಹೊತ್ತಿನಲ್ಲಿ, ಎಂಥವರ ಕಿವಿಗೆ ಬೀಳುತ್ತದೆ ಎಂಬುದನ್ನು ಗಮನಿಸಬೇಕು. ಹಾಗೆ ಗಮನಿಸಿದಾಗ ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಈ ಪ್ರದೇಶದಲ್ಲಿ ಯಾರೂ ಹೆಸರಿಸದ ಕೆಲವು ಭಾಗಗಳು ಮುಂದೆ ಬಂದು ನಿಲ್ಲುತ್ತವೆ. ಅವುಗಳಲ್ಲಿ ಸೈನಿಕರೂ ಪರಊರಿನವರೂ ಇದ್ದಾರೆ ಎಂಬುದು ನನ್ನ ಮಟ್ಟಿಗೆ ಮುಖ್ಯವಾದ ಸಂಗತಿ.

ಹಿನ್ನೆಲೆ ಚಿಕ್ಕದಾಗಿ. ಬ್ರಿಟಿಷರು ಹಲಸೂರಿನ ಸುತ್ತ ದಂಡನ್ನು, ಅಂದರೆ ಸೇನಾನೆಲೆಯನ್ನು, ಹೂಡಿದ್ದು 1809ರಲ್ಲಿ. ಸಿಪಾಯಿಗಳ ಹಿಂದೆಯೇ ದಿನಸಿ ಸರಬರಾಜಿನವರು, ಬಟ್ಲರುಗಳು, ಅಡುಗೆಯವರು, ಆಯಾಗಳು, ಕುದುರೆ ನೋಡಿಕೊಳ್ಳುವವರು ಬಂದರು. ಇವರಲ್ಲಿ ಬಹುಪಾಲು ಜನ ತಮಿಳು ಸೀಮೆಯವರು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ದಂಡು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು, 1947ರವರೆಗೂ. ಸೇಂಟ್ ಮಾರ್ಕ್ಸ್, 1851ರ ಹೋಲಿ ಟ್ರಿನಿಟಿ, 1866ರ ಸೇಂಟ್ ಆಂಡ್ರೂಸ್ ಕರ್ಕ್ ಮೊದಲಾದ ಚರ್ಚುಗಳು ಸೇನೆಯ ಅಗತ್ಯಕ್ಕೆಂದೇ ಎದ್ದವು. ಜನರು ವೇದವನ್ನು ತಂದದ್ದೂ ಬೇರೆಬೇರೆ ದಾರಿಗಳಲ್ಲಿ. ತಮಿಳರಿಗೆ ತರಂಗಂಬಾಡಿಯ ಸೀಗನ್‌ಬಾಲ್ಗ್ ಹೊಸ ಒಡಂಬಡಿಕೆಯನ್ನು 1715ರ ಹೊತ್ತಿಗೇ ಅಚ್ಚು ಹಾಕಿ ಕೊಟ್ಟಿದ್ದರು. ಕನ್ನಡದ ಇಡೀ ಬೈಬಲು, ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ, 1831ರ ಹೊತ್ತಿಗೆ ಸಿದ್ಧವಾಯಿತು. ಹೀಗಾಗಿ ಒಂದೇ ಬೀದಿಯಲ್ಲಿ, ಒಮ್ಮೊಮ್ಮೆ ಒಂದೇ ಮನೆಯಲ್ಲಿ, ಒಂದೇ ವಚನ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಬಾಯಿಪಾಠವಾಗಿರುವುದು ಇಲ್ಲಿ ಹೊಸತೇನಲ್ಲ.

ಮೊದಲ ಭಾಗ ಶತಾಧಿಪತಿಯದು. ಮತ್ತಾಯನ 8ನೇ ಅಧ್ಯಾಯದಲ್ಲಿ ಕಪೆರ್ನೌಮಿನ ರೋಮನ್ ಸೇನಾಧಿಕಾರಿಯೊಬ್ಬ ಯೇಸುವಿನ ಬಳಿಗೆ ಬರುತ್ತಾನೆ. ತನ್ನ ಆಳು ಲಕ್ವ ಹೊಡೆದು ಮಲಗಿದ್ದಾನೆ, ನರಳುತ್ತಿದ್ದಾನೆ ಎನ್ನುತ್ತಾನೆ. ಯೇಸು ಬರುತ್ತೇನೆ ಎಂದಾಗ ಅವನು ತಡೆಯುತ್ತಾನೆ: ನೀವು ನನ್ನ ಮನೆಗೆ ಕಾಲಿಡುವಷ್ಟು ಯೋಗ್ಯತೆ ನನಗಿಲ್ಲ, ಒಂದು ಮಾತು ಹೇಳಿದರೆ ಸಾಕು, ಆಳು ಗುಣವಾಗುತ್ತಾನೆ. ಆಜ್ಞೆ ಕೊಡುವುದೂ ಆಜ್ಞೆಗೆ ತಲೆಬಾಗುವುದೂ ಏನೆಂದು ಬಲ್ಲ ಮನುಷ್ಯನ ಮಾತು ಇದು. ಈ ಮಾತೇ ಕಥೋಲಿಕ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ಇಡೀ ಸಭೆ ಹೇಳುವ ಪ್ರಾರ್ಥನೆಯಾಗಿದೆ. ಹಿಂದೆ ಲ್ಯಾಟಿನ್ನಿನಲ್ಲಿ ಎದೆ ಬಡಿದುಕೊಳ್ಳುತ್ತ ಮೂರು ಬಾರಿ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಜನರ ಭಾಷೆಗಳಲ್ಲಿ, ಒಂದು ಬಾರಿ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ, ಕೋಲ್ಸ್ ಪಾರ್ಕಿನ ಬಳಿಯ ಸಂತ ಫ್ರಾನ್ಸಿಸ್ ಕ್ಸೇವಿಯರ್ ಮಹಾದೇವಾಲಯದಲ್ಲಿ, ಬೆಳಗಿನ ಪೂಜೆ ಎಷ್ಟೇ ಚಿಕ್ಕದಾಗಿರಲಿ, ಈ ಸಾಲನ್ನು ಬಿಡುವಂತಿಲ್ಲ. ಲೆಕ್ಕ ಸುಲಭ: ಕಥೋಲಿಕರೊಬ್ಬರು ಬದುಕಿನುದ್ದಕ್ಕೂ ಅತಿ ಹೆಚ್ಚು ಬಾರಿ ತಮ್ಮ ಬಾಯಿಂದಲೇ ಆಡುವ ವೇದವಾಕ್ಯಗಳಲ್ಲಿ ಒಂದು ಅಪೊಸ್ತಲರದಲ್ಲ, ಪ್ರವಾದಿಯದಲ್ಲ, ಪರದೇಶದ ಸೇನಾಧಿಕಾರಿಯದು.

ಪೂಜೆಗೆ ಬರುವಾಗ ಈ ಮಾತಿನಲ್ಲಿ ಒಂದು ಬದಲಾವಣೆಯಾಗಿದೆ. ಸುವಾರ್ತೆಯಲ್ಲಿ ಅಧಿಕಾರಿ ಬೇಡುವುದು ಆಳಿಗಾಗಿ. ಪೂಜೆಯಲ್ಲಿ ಪ್ರತಿಯೊಬ್ಬರೂ ಬೇಡುವುದು ತಮ್ಮ ಆತ್ಮಕ್ಕಾಗಿ. ಆಳು ಮರೆಯಾಗಿದ್ದಾನೆ. ದಂಡಿನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಇಲ್ಲಿನ ದೇವಾಲಯಗಳಲ್ಲಿ ಮಂಡಿಯೂರಿದ ಬಹುಪಾಲು ಜನ ಅಧಿಕಾರಿಗಳಲ್ಲ, ಅಧಿಕಾರಿಗಳ ಮನೆಯ ಆಳುಗಳು. ಕಾಯಿಲೆ ಬಿದ್ದ ಆಳಿಗಾಗಿ ದೊರೆಯೇ ಬೀದಿಗಿಳಿದು ಬೇಡಿಕೊಂಡ ಕಥೆ ಆ ಕಿವಿಗಳಿಗೆ ಹೇಗೆ ಕೇಳಿಸಿರಬೇಕು ಎಂದು ಯೋಚಿಸದೆ ಈ ಅಧ್ಯಾಯವನ್ನು ದಂಡಿನಲ್ಲಿ ಓದಲು ನನಗೆ ಸಾಧ್ಯವಾಗಿಲ್ಲ. ಪೂಜಾವಿಧಿ ರೋಮಿನದು, ಲೋಕಕ್ಕೆಲ್ಲ ಒಂದೇ. ಅದು ಸೇನಾನೆಲೆಯಿಂದ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಕೇಳುವವರು ಯಾರು ಎಂಬುದು ಮಾತ್ರ ಇಲ್ಲಿಯದು.

ಎರಡನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ, ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿ. ಬೈಬಲನ್ನು ಮೊದಲಿನಿಂದ ಓದಲು ಕುಳಿತವರು ಹೊಸ ಒಡಂಬಡಿಕೆ ತೆರೆದೊಡನೆ ಎಡವುವುದು ಇಲ್ಲಿಯೇ. ಅಬ್ರಹಾಮನಿಂದ ಹಿಡಿದು ಯೋಸೇಫನವರೆಗೆ ಹೆಸರಿನ ಮೇಲೆ ಹೆಸರು. ಹದಿನಾಲ್ಕು ಹದಿನಾಲ್ಕರಂತೆ ಮೂರು ಕಂತು. ಗೋಡೆಗೆ ತೂಗುಹಾಕುವ ಹಲಗೆಗಳಲ್ಲಿ, ವಚನದ ಕ್ಯಾಲೆಂಡರುಗಳಲ್ಲಿ ಇದನ್ನು ಹುಡುಕುವುದೇ ವ್ಯರ್ಥ. ಆದರೆ ದಂಡಿನಲ್ಲಿ ವರ್ಷದಲ್ಲೇ ಅತಿ ಹೆಚ್ಚು ಜನ ಸೇರುವ ಧಾರ್ಮಿಕ ದಿನಗಳಲ್ಲೊಂದಾದ ಸೆಪ್ಟೆಂಬರ್ 8ಕ್ಕೆ, ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬಕ್ಕೆ, ನಿಗದಿಯಾದ ಶುಭಸಂದೇಶ ವಾಚನ ಇದೇ. ಹಳೆಯ ಲ್ಯಾಟಿನ್ ಪೂಜಾಗ್ರಂಥದಲ್ಲೂ ಈ ದಿನಕ್ಕೆ ಮತ್ತಾಯ 1ರ ಮೊದಲ ಹದಿನಾರು ವಚನಗಳೇ ಇದ್ದವು. ಅಂದರೆ ಶಿವಾಜಿನಗರ ಬ್ಲ್ಯಾಕ್‌ಪಲ್ಲಿ ಎಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲೂ, 1882ರಲ್ಲಿ ಅಲ್ಲಿನ ಸಂತ ಮರಿಯಮ್ಮನವರ ದೇವಾಲಯದ ಈಗಿನ ಗೋಥಿಕ್ ಕಟ್ಟಡ ಎದ್ದಾಗಲೂ, 1970ರ ದಶಕದಲ್ಲಿ ಅದು ಬೆಸಿಲಿಕಾ ಪದವಿಗೇರಿದಾಗಲೂ, ಹಬ್ಬದ ವಾಚನವಾಗಿ ನಿಂತದ್ದು ಈ ಹೆಸರುಪಟ್ಟಿ.

ಹಬ್ಬ ಕಂಡವರಿಗೆ ವಿವರ ಬೇಕಿಲ್ಲ. ಆಗಸ್ಟ್ 29ಕ್ಕೆ ಧ್ವಜಾರೋಹಣ, ಆಮೇಲೆ ನೊವೇನಾ, ಕಡೆಯ ದಿನ ತೇರು. ಕಾವಿ ಸೀರೆ ಉಟ್ಟವರು, ಹರಕೆ ಹೊತ್ತವರು, ಮೇಣದಬತ್ತಿ ಹಿಡಿದವರು, ಕ್ರೈಸ್ತರಲ್ಲದ ಸಾವಿರಾರು ಜನರು, ಸೀರೆ ಉಟ್ಟ ಮಾತೆಯ ಮುಂದೆ ಮಗುವನ್ನು ಎತ್ತಿ ಹಿಡಿದ ತಾಯಂದಿರು. ಇವರೆಲ್ಲರ ನಡುವೆ ಧ್ವನಿವರ್ಧಕದಲ್ಲಿ ತಾಮಾರ, ರಹಾಬ, ರೂತ್ ಎಂಬ ಹೆಸರುಗಳು ಬರುತ್ತವೆ. ಗಂಡಸರದೇ ಪಟ್ಟಿಯೊಳಗೆ ಮತ್ತಾಯ ಬೇಕೆಂದೇ ತಂದಿರುವ ಹೆಂಗಸರು ಇವರು. ತಾಮಾರಳು ತನಗೆ ಸಲ್ಲಬೇಕಾದದ್ದನ್ನು ಕೊಡದ ಮಾವನಿಂದ ವೇಷ ಮರೆಸಿಕೊಂಡು ಅದನ್ನು ಪಡೆದ ವಿಧವೆ. ರಹಾಬಳು ಯೆರಿಕೋ ಪಟ್ಟಣದ ಕೋಟೆಗೋಡೆಯ ಮೇಲೇ ಮನೆ ಮಾಡಿಕೊಂಡಿದ್ದ ವೇಶ್ಯೆ. ವೈರಿ ಸೈನ್ಯದ ಗೂಢಚಾರರನ್ನು ಬಚ್ಚಿಟ್ಟು ಕಾಪಾಡಿದವಳು. ರೂತಳು ಮೋವಾಬಿನವಳು, ಗಂಡ ಸತ್ತ ಮೇಲೆ ಅತ್ತೆಯ ಕೈಬಿಡದೆ ಕಾಣದ ಊರಿಗೆ ಬಂದು ಕಂಡವರ ಹೊಲದಲ್ಲಿ ತೆನೆ ಆಯ್ದವಳು.

ನಾಲ್ಕನೆಯವಳ ಹೆಸರನ್ನು ಮತ್ತಾಯ ಹೇಳುವುದೇ ಇಲ್ಲ. ಊರೀಯನ ಹೆಂಡತಿ ಎನ್ನುತ್ತಾನೆ. ಬತ್ಷೆಬೆ ಎಂದು ಎಲ್ಲರಿಗೂ ಗೊತ್ತು, ದಾವೀದ ರಾಜನ ರಾಣಿಯಾದವಳು. ಹಾಗಿದ್ದೂ ಸತ್ತ ಮೊದಲ ಗಂಡನ ಹೆಸರನ್ನೇ ಪಟ್ಟಿಯಲ್ಲಿ ಇಟ್ಟಿದ್ದಾನೆ. ಊರೀಯ ಹಿತ್ತಿಯನು, ಪರಜಾತಿಯವನು, ದಾವೀದನ ಸೈನ್ಯದ ವೀರ. ಎರಡನೇ ಸಮುವೇಲನ 11ನೇ ಅಧ್ಯಾಯ ತೆಗೆದು ನೋಡಬೇಕು. ತನ್ನ ಪಾಪ ಮುಚ್ಚಿಹಾಕಲು ರಾಜ ಅವನನ್ನು ರಣರಂಗದಿಂದ ಕರೆಸಿ ಮನೆಗೆ ಹೋಗು ಎನ್ನುತ್ತಾನೆ. ಊರೀಯ ಹೋಗುವುದಿಲ್ಲ, ಅರಮನೆಯ ಬಾಗಿಲಲ್ಲಿ ಆಳುಗಳ ಜೊತೆ ಮಲಗುತ್ತಾನೆ. ಜೊತೆಗಾರರು ಬಯಲಲ್ಲಿ ಡೇರೆ ಹಾಕಿಕೊಂಡಿರುವಾಗ ತಾನು ಮನೆಯ ಸುಖ ಕಾಣಲಾರೆ ಎಂಬುದು ಅವನ ಉತ್ತರ. ಕೊನೆಗೆ ತನ್ನ ಸಾವಿನ ಆಜ್ಞೆಯಿರುವ ಪತ್ರವನ್ನು ತಾನೇ ಸೇನಾಪತಿಗೆ ಒಯ್ದು ಕೊಡುತ್ತಾನೆ. ಇಂಥ ಸಿಪಾಯಿಯ ಹೆಸರು ಕ್ರಿಸ್ತನ ವಂಶಾವಳಿಯಲ್ಲಿ, ರಕ್ತಸಂಬಂಧವೇ ಇಲ್ಲದೆ, ಉಳಿದುಕೊಂಡಿದೆ. ಹಲಸೂರು ಕೆರೆಯ ಪಕ್ಕದಲ್ಲಿ ಇಂದಿಗೂ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರವಿದೆ. ಹೋಲಿ ಟ್ರಿನಿಟಿಯ ಒಳಗೋಡೆಗಳಲ್ಲಿ ಸತ್ತ ಸೈನಿಕರ ಸ್ಮಾರಕ ಫಲಕಗಳಿವೆ. ಅಂಥ ನೆಲದಲ್ಲಿ, ತಾಯಿಯ ಹಬ್ಬದ ದಿನ, ಊರೀಯನ ಹೆಸರು ಓದಲ್ಪಡುವುದು ನನಗೆ ಬೈಬಲಿನ ಅತ್ಯಂತ ನ್ಯಾಯವಾದ ಕ್ಷಣಗಳಲ್ಲೊಂದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈಗಿನ ವಾಚನಗ್ರಂಥದಲ್ಲಿ ಈ ದಿನಕ್ಕೆ ಎರಡು ರೂಪಗಳಿವೆ. ಉದ್ದನೆಯದು ವಂಶಾವಳಿ ಸಹಿತ. ಗಿಡ್ಡನೆಯದು ಹೆಸರುಗಳನ್ನೆಲ್ಲ ಬಿಟ್ಟು 18ನೇ ವಚನದಿಂದ, ಯೋಸೇಫನ ಕನಸಿನ ಪ್ರಸಂಗದಿಂದ, ಶುರುವಾಗುತ್ತದೆ. ಮಳೆ, ನೂಕುನುಗ್ಗಲು, ಒಂದರ ಹಿಂದೊಂದು ಪೂಜೆ ಇರುವಾಗ ಗಿಡ್ಡನೆಯದಕ್ಕೆ ಮನಸ್ಸು ವಾಲುವುದು ಸಹಜ. ಆದರೂ ಪೂರ್ತಿ ಪಟ್ಟಿಯನ್ನು ಓದಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಊರುಬಿಟ್ಟು ಬಂದವರ ಮನೆಗಳಲ್ಲಿ ದೊಡ್ಡ ಬೈಬಲಿನ ಮೊದಲ ಖಾಲಿ ಹಾಳೆಯ ಮೇಲೆ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವುಗಳನ್ನು ಬರೆದಿಡುವ ರೂಢಿಯಿದೆ. ಶಾಯಿ ಬದಲಾಗಿರುತ್ತದೆ, ಕೈಬರಹ ಬದಲಾಗಿರುತ್ತದೆ, ಅಜ್ಜನ ಕಾಲದ ತಮಿಳು ಮೊಮ್ಮಗಳ ಕಾಲಕ್ಕೆ ಇಂಗ್ಲಿಷ್ ಆಗಿರುತ್ತದೆ. ಹಾಗೆ ಬರೆದವರಿಗೆ ಮತ್ತಾಯನ ಪಟ್ಟಿ ಬೇಸರದ್ದಾಗಬೇಕಾಗಿಲ್ಲ.

ಕೀರ್ತನೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 91 ಮತ್ತು 121, ಎರಡೂ ಕಾವಲಿನ ಕೀರ್ತನೆಗಳು, ದಂಡಿನ ಮನೆಬಾಗಿಲುಗಳ ಮೇಲೂ ಗಾಡಿಗಳ ಗಾಜಿನ ಮೇಲೂ ಧಾರಾಳವಾಗಿ ಕಾಣುತ್ತವೆ. 91ನೆಯದು ಇಂಗ್ಲಿಷ್ ಬಲ್ಲ ಸೈನ್ಯಗಳಲ್ಲಿ ಸೈನಿಕನ ಕೀರ್ತನೆ ಎಂದೇ ಹೆಸರಾದದ್ದು. ಹಗಲು ಹಾರುವ ಬಾಣವೂ ಕತ್ತಲಲ್ಲಿ ನಡೆಯುವ ಸೋಂಕೂ ಅದರಲ್ಲಿವೆ. 1898ರ ಪ್ಲೇಗನ್ನು ಕಂಡ ಊರಿಗೆ, 2020ರ ಕೊರೊನಾವನ್ನು ಕಂಡ ಊರಿಗೆ, ಅದು ಹತ್ತಿರವಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮತ್ತಾಯನ 4ನೇ ಅಧ್ಯಾಯದಲ್ಲಿ ಸೈತಾನನು ಯೇಸುವನ್ನು ದೇವಾಲಯದ ಶಿಖರದಿಂದ ಧುಮುಕಲು ಹೇಳುವಾಗ ಎತ್ತಿ ಹೇಳುವುದು ಇದೇ ಕೀರ್ತನೆಯನ್ನು. ರಕ್ಷೆಯ ಮಾತನ್ನು ದೇವರನ್ನು ಪರೀಕ್ಷಿಸಲು ಬಳಸಬಾರದು ಎಂಬ ಯೇಸುವಿನ ಉತ್ತರವನ್ನೂ ಸೇರಿಸಿಕೊಂಡೇ ಈ ಕೀರ್ತನೆಯನ್ನು ಮೆಚ್ಚಬೇಕು.

ಪೂರ್ವಕ್ಕೆ ಹೋದಂತೆ ಮೆಚ್ಚಿಕೆಯ ದಾರಿ ಬದಲಾಗುತ್ತದೆ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿನಗರದ ಐ.ಟಿ.ಐ., ಕೆ.ಆರ್. ಪುರದ ರೈಲ್ವೆ, ಈಚೆಗೆ ಸಾಫ್ಟ್‌ವೇರ್ ಕಂಪನಿಗಳು. ಕೆಲಸ ಹುಡುಕಿಕೊಂಡು ಕೇರಳ, ಆಂಧ್ರ, ತಮಿಳುನಾಡು, ಈಶಾನ್ಯ ರಾಜ್ಯಗಳಿಂದ ಬಂದವರು ಬಾಡಿಗೆ ಹಾಲುಗಳಲ್ಲಿ, ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಸೇರಿ ಪ್ರಾರ್ಥಿಸುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ವಾಗ್ದಾನದ ಕಾರ್ಡು. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಬೋರಲು ಹಾಕಿದ ಕಾರ್ಡುಗಳಲ್ಲಿ ಒಬ್ಬೊಬ್ಬರೂ ಒಂದನ್ನು ಎತ್ತಿಕೊಳ್ಳುತ್ತಾರೆ. ಬಂದ ವಚನವೇ ಆ ವರ್ಷಕ್ಕೆ ಅವರ ವಚನ. ಕೆಲವರು ಅದನ್ನು ಬೈಬಲಿನೊಳಗೆ ಇಡುತ್ತಾರೆ, ಕೆಲವರು ಬೀರುವಿನ ಬಾಗಿಲ ಒಳಮೈಗೆ ಅಂಟಿಸುತ್ತಾರೆ, ಹರೆಯದವರು ಮೊಬೈಲಿನ ಕವರಿನ ಹಿಂದೆ ಸಿಕ್ಕಿಸುತ್ತಾರೆ. ಓದಿ ಆರಿಸಿಕೊಂಡದ್ದಲ್ಲ, ಕೈಗೆ ಬಂದದ್ದು. ಆದರೂ ವರ್ಷ ಕಳೆಯುವಷ್ಟರಲ್ಲಿ ಅದು ನಿಜಕ್ಕೂ ಮೆಚ್ಚಿನದಾಗಿರುತ್ತದೆ. ಕಷ್ಟದ ದಿನ ಅದನ್ನು ತೆಗೆದು ಓದಿದವರಿಗೆ ಅದು ಬೇರೆಯವರ ವಚನವಾಗಿ ಉಳಿಯುವುದಿಲ್ಲ. ಈ ರೂಢಿಯನ್ನು ಹಗುರವಾಗಿ ಕಾಣುವ ವಿದ್ವಾಂಸರೊಡನೆ ನನ್ನ ಸಹಮತವಿಲ್ಲ.

ಈ ಕಾರ್ಡುಗಳಲ್ಲಿ ಬಹಳ ಸಲ ಕಾಣುವುದು ಯೆರೆಮೀಯನ 29ನೇ ಅಧ್ಯಾಯದ 11ನೇ ವಚನ: ದೇವರು ನಿಮಗಾಗಿ ಯೋಚಿಸಿರುವುದು ಹಿತವನ್ನೇ, ಕೇಡನ್ನಲ್ಲ, ಮುಂದೆ ಒಳ್ಳೆಯ ಕಾಲವಿದೆ ಎಂಬ ಭರವಸೆ. ಅದು ಒಂದು ಪತ್ರದ ಭಾಗ. ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಯೆರೂಸಲೇಮಿನಿಂದ ಬರೆದ ಪತ್ರ. ಅದೇ ಪತ್ರದಲ್ಲಿ, ಕೆಲವೇ ಸಾಲು ಹಿಂದೆ, 5ರಿಂದ 7ರವರೆಗಿನ ವಚನಗಳಲ್ಲಿ ಅವನು ಹೇಳುವುದು ಇದು: ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿಸಿ, ನೀವು ಸೇರಿದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ. ಹನ್ನೊಂದನೆಯ ವಚನದ ಭರವಸೆಗೆ ಬೇರು ಇರುವುದು ಇಲ್ಲಿ. ಬಿಡುಗಡೆಗೆ ಎಪ್ಪತ್ತು ವರ್ಷ ಹಿಡಿಯುತ್ತದೆ ಎಂದೂ ಅದೇ ಪತ್ರ, ಹತ್ತನೆಯ ವಚನದಲ್ಲಿ, ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕೆ.ಆರ್. ಪುರದ ಬಾಡಿಗೆ ಮನೆಯಲ್ಲಿ ಹೊಸ ವರ್ಷವನ್ನು ಎದುರುಗೊಳ್ಳುವ ಕುಟುಂಬಕ್ಕೆ ಏಳನೆಯ ವಚನವನ್ನೂ ಕಾರ್ಡಿನಲ್ಲಿ ಅಚ್ಚು ಹಾಕಿ ಕೊಟ್ಟರೆ, ಅದು ಭರವಸೆಯನ್ನು ಕುಂದಿಸುವುದಿಲ್ಲ; ಭರವಸೆ ನೆರೆಯವರನ್ನೂ ಒಳಗೊಳ್ಳುತ್ತದೆ.

ದಂಡಿನ ಮೆಚ್ಚಿಕೆಯ ಗುರುತು ಇಂಥ ಕಾರ್ಡು, ಕಾಗದಗಳಲ್ಲೇ ಇರುವುದರಿಂದ ಮುಂದಿನ ಕೆಲಸ ಏನೆಂಬುದು ಸ್ಪಷ್ಟ. ಮಿಷನರಿಗಳ ಪತ್ರಗಳನ್ನೂ ಹಳೆಯ ಅಚ್ಚುಗಳನ್ನೂ ಕಾಪಾಡುವ ಕೆಲಸ ನಡೆದಿದೆ. 1910ರಲ್ಲಿ ಹುಟ್ಟಿದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ಮಿಲ್ಲರ್ಸ್ ರಸ್ತೆಯಲ್ಲೇ ಇದೆ. ಆದರೆ ವಾಗ್ದಾನದ ಕಾರ್ಡುಗಳು, ಹಬ್ಬದ ವಾಚನಪತ್ರಗಳು, ಮದುವೆ ಮತ್ತು ಶವಸಂಸ್ಕಾರದ ಆರಾಧನಾ ಕ್ರಮದ ಮಡಿಕೆ ಕಾಗದಗಳು, ಮನೆ ಬೈಬಲಿನ ಮೊದಲ ಹಾಳೆಗಳು ವರ್ಷ ಕಳೆದಂತೆ ರದ್ದಿಗೆ ಹೋಗುತ್ತಿವೆ. ಪ್ರತಿಯೊಂದು ಸಭೆಯೂ ತನ್ನ ಕಾರ್ಡು ಮತ್ತು ಕಾಗದಗಳ ಒಂದೊಂದು ಪ್ರತಿಯನ್ನು ತಾರೀಖು ಬರೆದು ಎತ್ತಿಡಲಿ. ಮನೆಯವರು ಒಪ್ಪಿದರೆ ಬೈಬಲಿನ ಮೊದಲ ಹಾಳೆಯ ಫೋಟೋ ತೆಗೆದಿಡಲಿ. ಭಾಷೆ ಯಾವುದೇ ಇರಲಿ, ವಚನದ ಅಧ್ಯಾಯ ಮತ್ತು ಸಂಖ್ಯೆಯನ್ನು ಗುರುತು ಹಾಕಿದರೆ ಮೂರೂ ಭಾಷೆಯ ಕಾಗದಗಳನ್ನು ಒಟ್ಟಿಗೆ ಹೋಲಿಸಿ ನೋಡಬಹುದು.